ಚೆಲ್ಲಿದ ಆಯಿಲ್, ಆಸಿಡ್‌ಗೆ ನೀರು ಹೊಡೆದರೆ ಜಾಗ ಶುದ್ಧವಾಗುತ್ತದೆಯೇ?

ಗ್ಯಾರೇಜಿನಲ್ಲಿ ಹಳೆಯ ಎಂಜಿನ್ ಆಯಿಲ್ ತುಂಬಿದ ಕ್ಯಾನು ಉರುಳಿತು ಎಂದುಕೊಳ್ಳಿ. ಐದು ಲೀಟರ್ ಆಯಿಲ್ ನೆಲದ ಮೇಲೆ ಹರಡಿತು. ಆಗ ಬರುವ ಮೊದಲ ಮಾತು ಏನು? "ಪೈಪ್ ತಗೊಂಡು ಬಾರೋ, ಸೋಪಿನ ಪುಡಿ ಹಾಕಿ ನೀರು ಹೊಡಿ." ಹತ್ತು ನಿಮಿಷದಲ್ಲಿ ನೆಲ ಫಳಫಳ. ಮಾಲೀಕರಿಗೂ ಸಮಾಧಾನ, ಹುಡುಗರಿಗೂ ಸಮಾಧಾನ.

ಫ್ಯಾಕ್ಟರಿ, ಗೋದಾಮು, ಮನೆ ಕಟ್ಟುವ ಸೈಟು, ಪೇಂಟ್ ಅಂಗಡಿ, ಹೊಲದ ಪಂಪ್‌ಸೆಟ್ ಶೆಡ್ಡು, ಎಲ್ಲ ಕಡೆಯೂ ನಡೆಯುವುದು ಇದೇ. "ಇದನ್ನು ಹಾಕಿ ತೊಳೆದರೆ ಸಾಕು" ಎನ್ನುವ ಫಾರ್ವರ್ಡ್‌ಗಳಿಗೂ ಬರವಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕೋಣ. ನೆಲದ ಮೇಲಿದ್ದದ್ದು 5 ಲೀಟರ್ ಆಯಿಲ್. ತೊಳೆಯಲು 500 ಲೀಟರ್ ನೀರು ಹೊಡೆದೆವು. ಈಗ ನಮ್ಮ ಬಳಿ ಇರುವುದು ಶುದ್ಧ ನೆಲವಲ್ಲ, 505 ಲೀಟರ್ ಕೆಟ್ಟ ನೀರು. ಮೊದಲು ಒಂದು ಬಕೆಟ್‌ನಲ್ಲಿ ಹಿಡಿಯಬಹುದಾಗಿದ್ದ ಕೊಳೆ ಈಗ ಹಿಡಿತಕ್ಕೇ ಸಿಗದೆ ಹರಿದುಹೋಗಿದೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ: ನೀರು ಚೆಲ್ಲಿದ ವಸ್ತುವನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಸಾಗಿಸುತ್ತದೆ. ಚೆಲ್ಲಿದ್ದನ್ನು ಮೊದಲು ತಡೆಯಬೇಕು, ತೊಳೆಯುವ ಮಾತು ಆಮೇಲೆ.

ಮೋರಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ಊರುಗಳಲ್ಲಿ ಎರಡು ಬಗೆಯ ಚರಂಡಿಗಳಿವೆ. ಒಂದು, ಶೌಚಾಲಯ ಮತ್ತು ಬಚ್ಚಲಿನ ನೀರು ಹೋಗುವ ಒಳಚರಂಡಿ. ಇದರ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಇನ್ನೊಂದು, ರಸ್ತೆ ಬದಿಯ ಮಳೆನೀರಿನ ಚರಂಡಿ. ಇದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಅಥವಾ ಹೊಳೆಗೆ ಸೇರುತ್ತದೆ. ಮಳೆನೀರನ್ನು ಶುದ್ಧ ಮಾಡಬೇಕೆಂಬ ಯೋಚನೆಯಿಂದ ಅದನ್ನು ಕಟ್ಟಿಲ್ಲ. ಹಾಗಾಗಿ ಗ್ಯಾರೇಜಿನ ಮುಂದಿನ ಮೋರಿಗೆ ಬಿದ್ದದ್ದು ಯಾವ ಸೋಸುವಿಕೆಯೂ ಇಲ್ಲದೆ ನೇರವಾಗಿ ನೀರಿನ ಮೂಲಕ್ಕೆ ಹೋಗುತ್ತದೆ.

ಬೆಂಗಳೂರಿನ ವೃಷಭಾವತಿಯನ್ನೇ ನೋಡಿ. ನಗರದ ಪಶ್ಚಿಮ ಭಾಗದ ಕೊಳಕನ್ನೆಲ್ಲ ಹೊತ್ತು ಅದು ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಅದರ ಮುಂದೆ ಕಾವೇರಿ. ಬೈರಮಂಗಲದ ಸುತ್ತಲಿನ ರೈತರು ಅದೇ ನೀರನ್ನು ಹೊಲಕ್ಕೆ ಹಾಯಿಸುತ್ತಾ ಬಂದಿದ್ದಾರೆ. ನಗರದಲ್ಲಿ ಮೋರಿಗೆ ಬಿಟ್ಟದ್ದು ಊಟದ ತಟ್ಟೆಯ ಹತ್ತಿರಕ್ಕೇ ಮರಳಿ ಬರುತ್ತದೆ.

ಮಣ್ಣಿನ ನೆಲವಾದರೆ ಇನ್ನೊಂದು ದಾರಿ. ಚೆಲ್ಲಿದ್ದು ಕೆಳಗಿಳಿಯುತ್ತದೆ, ಮೇಲೆ ನೀರು ಹೊಡೆದಷ್ಟೂ ಬೇಗ ಇಳಿಯುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ದಾಖಲಿಸಿದೆ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಘಟಕಗಳಲ್ಲಿ ಬಳಸುವ ವಸ್ತು ಇದು. ಕೆರೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಬೋರ್‌ವೆಲ್ ಕೆಟ್ಟರೆ ಎಷ್ಟೋ ವರ್ಷ ಗೊತ್ತೇ ಆಗದಿರಬಹುದು. ಗೊತ್ತಾದ ಮೇಲೂ ಭೂಮಿಯೊಳಗಿನ ನೀರನ್ನು ಶುದ್ಧ ಮಾಡುವುದು ಬಹಳ ಕಷ್ಟ, ಬಹಳ ದುಬಾರಿ.

"1 ಲೀಟರ್ ಎಣ್ಣೆ 10 ಲಕ್ಷ ಲೀಟರ್ ನೀರನ್ನು ಕೆಡಿಸುತ್ತದೆ" ನಿಜವೇ?

ಈ ಮಾತು ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಇದರ ಬೇರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಂದು ಹೇಳಿಕೆಯನ್ನು ಹೋಲುತ್ತದೆ. ಒಂದು ಸಲ ಆಯಿಲ್ ಚೇಂಜ್ ಮಾಡಿದಾಗ ಬರುವ ಹಳೆಯ ಆಯಿಲ್ 10 ಲಕ್ಷ ಗ್ಯಾಲನ್ ನೀರನ್ನು ಮಲಿನಗೊಳಿಸಬಲ್ಲದು ಎನ್ನುತ್ತದೆ ಆ ಸಂಸ್ಥೆ. ಕಾರಿನ ಒಂದು ಆಯಿಲ್ ಚೇಂಜ್ ಎಂದರೆ ಹೆಚ್ಚುಕಡಿಮೆ ಒಂದು ಗ್ಯಾಲನ್. ಅಂದರೆ ಲೆಕ್ಕ ಹತ್ತು ಲಕ್ಷಕ್ಕೆ ಒಂದು ಪಾಲು.

ನಮ್ಮ ದೇಶದ ಮಾನದಂಡಕ್ಕೆ ಇದನ್ನು ಹೋಲಿಸಿ ನೋಡೋಣ. ಕುಡಿಯುವ ನೀರಿನ ಭಾರತೀಯ ಮಾನಕದ 2012ರ ಆವೃತ್ತಿಯಂತೆ ಒಂದು ಲೀಟರ್ ನೀರಿನಲ್ಲಿ ಖನಿಜ ತೈಲ 0.5 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಲೀಟರ್ ಎಂಜಿನ್ ಆಯಿಲಿನ ತೂಕ ಸುಮಾರು 880 ಗ್ರಾಂ. ಅದನ್ನು 10 ಲಕ್ಷ ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 0.88 ಮಿಲಿಗ್ರಾಂ. ಅಂದರೆ ಮಿತಿ ದಾಟಿತು.

ಹಾಗಾಗಿ ಲೆಕ್ಕ ಸರಿ ಇದೆ. ಆದರೆ ಅರ್ಥ ಸ್ವಲ್ಪ ಬೇರೆ. ಆ ನೀರನ್ನು ಒಂದು ಗುಟುಕು ಕುಡಿದವರು ಸಾಯುತ್ತಾರೆ ಎಂದಲ್ಲ. ಎಣ್ಣೆ ನೀರಿನಲ್ಲಿ ಸಮನಾಗಿ ಬೆರೆಯುವುದೂ ಇಲ್ಲ, ಬಹುಪಾಲು ಮೇಲೆ ತೇಲುತ್ತದೆ ಅಥವಾ ದಡದ ಮಣ್ಣಿಗೆ ಅಂಟುತ್ತದೆ. ಅಷ್ಟು ನೀರು ಕುಡಿಯಲು ಯೋಗ್ಯವಲ್ಲ ಎಂಬ ಮಟ್ಟಕ್ಕೆ ಬರಲು ಒಂದು ಲೀಟರ್ ಸಾಕು ಎಂಬುದಷ್ಟೇ ಇದರ ತಾತ್ಪರ್ಯ. ಹಳೆಯ ಆಯಿಲಿನಲ್ಲಿ ಎಂಜಿನ್ ಸವೆದು ಬಂದ ಲೋಹದ ಕಣಗಳೂ ಸುಟ್ಟ ಇಂಧನದ ಉಳಿಕೆಗಳೂ ಇರುವುದರಿಂದ ಅದು ಹೊಸ ಆಯಿಲಿಗಿಂತ ಹೆಚ್ಚು ಕೆಟ್ಟದ್ದು.

ಎಣ್ಣೆ ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಒಂದು ಹಳೆಯ ಪ್ರಯೋಗ ಸಾಕ್ಷಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಎಂಬಲ್ಲಿನ ಕೊಳಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದಷ್ಟು ಎಣ್ಣೆ ಸುರಿದ. ಅದು ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ, ಅಂದರೆ 20 ಗುಂಟೆಯಷ್ಟು ನೀರನ್ನು ಕನ್ನಡಿಯಂತೆ ಮಾಡಿತು ಎಂದು 1774ರಲ್ಲಿ ಪ್ರಕಟವಾದ ಬರಹದಲ್ಲಿ ಹೇಳಿದ್ದಾನೆ. ಎಲ್ಲ ಎಣ್ಣೆಯೂ ಅಷ್ಟು ತೆಳುವಾಗಿ ಹರಡುವುದಿಲ್ಲ. ಆದರೂ ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣದ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಸೊಳ್ಳೆ ಮರಿ ಸಾಯಲೆಂದು ನಿಂತ ನೀರಿಗೆ ಎಣ್ಣೆ ಬಿಡುವ ಹಳೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಆ ತೆಳು ಪದರವೇ ಅವುಗಳ ಉಸಿರು ಕಟ್ಟಿಸುತ್ತದೆ. ಕೆರೆಯ ಉಳಿದ ಜೀವಿಗಳಿಗೂ ಅದರಿಂದ ಒಳ್ಳೆಯದಾಗುವುದಿಲ್ಲ.

ಎರಡು ಬೆಂಕಿ, ಎರಡು ತೀರ್ಮಾನ

ನೀರು ಬಿಡುವುದೇ ಕೆಡುಕಾಗಬಹುದು ಎಂಬುದನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿತದ್ದು 1986ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ನವೆಂಬರ್ 1ರ ನಡುರಾತ್ರಿ ಬೆಂಕಿ ಬಿತ್ತು. ಒಳಗಿದ್ದದ್ದು ಸುಮಾರು 1,350 ಟನ್ ರಾಸಾಯನಿಕ, ಹೆಚ್ಚಿನದು ಕೀಟನಾಶಕ. ಅಗ್ನಿಶಾಮಕ ದಳದವರು ಬೆಳಗಿನ ಜಾವದ ಹೊತ್ತಿಗೆ ಬೆಂಕಿ ಆರಿಸಿದರು. ಅವರು ಮಾಡಿದ್ದು ತಮ್ಮ ಕೆಲಸವನ್ನೇ. ಆದರೆ ಅವರು ಹೊಡೆದ ನೀರನ್ನು ಹಿಡಿದಿಡುವ ತೊಟ್ಟಿ ಅಲ್ಲಿರಲಿಲ್ಲ. ವಿಷ ಕಲಸಿದ ಆ ನೀರು ಪಕ್ಕದ ರೈನ್ ನದಿಗೆ ಹರಿಯಿತು. ಗೋದಾಮಿನಲ್ಲಿದ್ದ ಬಣ್ಣವೂ ಸೇರಿ ನದಿ ಕೆಂಪಾಯಿತು. ಕೆಳಹರಿವಿನ ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಲಕ್ಷಕ್ಕೂ ಹೆಚ್ಚು ಸತ್ತವು. ನದಿ ಮುಂದೆ ಜರ್ಮನಿ, ನೆದರ್ಲೆಂಡ್ಸ್ ದೇಶಗಳಿಗೆ ಹೋಗುವುದರಿಂದ ಅಲ್ಲಿ ಕುಡಿಯುವ ನೀರೆತ್ತುವ ಕೇಂದ್ರಗಳನ್ನು ಮುಚ್ಚಬೇಕಾಯಿತು.

ಏಳು ತಿಂಗಳೂ ಆಗಿರಲಿಲ್ಲ. 1987ರ ಮೇ 27ರಂದು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ಷರ್ವಿನ್-ವಿಲಿಯಮ್ಸ್ ಕಂಪನಿಯ ಪೇಂಟ್ ಗೋದಾಮು ಹೊತ್ತಿಕೊಂಡಿತು. ಸಾಮಾನು ಸಾಗಿಸುವಾಗ ಚೆಲ್ಲಿದ ಉರಿಯುವ ದ್ರವಕ್ಕೆ ಕಿಡಿ ತಗುಲಿ ಶುರುವಾದ ಬೆಂಕಿ ಅದು. ಒಳಗೆ 10 ಲಕ್ಷ ಗ್ಯಾಲನ್‌ಗೂ ಹೆಚ್ಚು ಪೇಂಟ್ ಮತ್ತು ಅದರ ಸಾಮಗ್ರಿ. ಆದರೆ ಆ ಗೋದಾಮಿನ ನೆಲದಡಿಯಲ್ಲೇ ಇಡೀ ಊರಿಗೆ ನೀರು ಕೊಡುವ ಅಂತರ್ಜಲವಿತ್ತು. ನೀರು ಹೊಡೆಯುತ್ತಾ ಹೋದರೆ ಪೇಂಟೆಲ್ಲ ಕೆಳಗಿಳಿದು ಊರಿನ ಬಾವಿಗಳಿಗೆ ಸೇರುತ್ತದೆ. ಅಲ್ಲಿನ ಅಧಿಕಾರಿಗಳು ಕೂತು ಯೋಚಿಸಿ ನೀರು ನಿಲ್ಲಿಸಿದರು, ಗೋದಾಮು ಉರಿದುಹೋಗಲು ಬಿಟ್ಟರು. ಕಟ್ಟಡ ಹೋಯಿತು, ಊರಿನ ನೀರು ಉಳಿಯಿತು.

ಎಲ್ಲ ಬೆಂಕಿಯನ್ನೂ ಉರಿಯಲು ಬಿಡಬೇಕು ಎಂಬುದು ಇದರ ಪಾಠವಲ್ಲ. ಅದು ಅಗ್ನಿಶಾಮಕ ದಳದವರ ತೀರ್ಮಾನ, ನಮ್ಮದಲ್ಲ. ನೀರು ಬಿಡುವ ಮುಂಚೆ "ಈ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿಕೊಳ್ಳಬೇಕು ಎಂಬುದು ಪಾಠ. ಬಾಸೆಲ್ ನಂತರ ಯುರೋಪಿನ ಎಷ್ಟೋ ರಾಸಾಯನಿಕ ಗೋದಾಮುಗಳಲ್ಲಿ ಬೆಂಕಿ ಆರಿಸಿದ ನೀರನ್ನು ಹಿಡಿದಿಡುವ ತೊಟ್ಟಿಗಳು ಬಂದವು. ರೈನ್ ದಂಡೆಯ ದೇಶಗಳು 1987ರಲ್ಲಿ ಒಟ್ಟಾಗಿ ಕಾರ್ಯಕ್ರಮ ರೂಪಿಸಿದವು. ನದಿ ಚೇತರಿಸಿಕೊಂಡಿತು, ಕಾಣೆಯಾಗಿದ್ದ ಸಾಲ್ಮನ್ ಮೀನು ಮರಳಿ ಬಂತು.

ಪೆಟ್ರೋಲ್ ಮೋರಿಗೆ ಹೋದರೆ ಇನ್ನೂ ಅಪಾಯ

ಆಯಿಲ್ ನೀರನ್ನು ಕೆಡಿಸುತ್ತದೆ. ಪೆಟ್ರೋಲ್, ಥಿನ್ನರ್‌ನಂಥವು ಜೀವವನ್ನೇ ತೆಗೆಯಬಲ್ಲವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೇರಿ ಚದುರುವ ಬದಲು ನೆಲದ ಮಟ್ಟದಲ್ಲಿ ತೆವಳುತ್ತದೆ, ಗುಂಡಿ ಮತ್ತು ಮ್ಯಾನ್‌ಹೋಲ್‌ಗಳಲ್ಲಿ ತುಂಬಿಕೊಳ್ಳುತ್ತದೆ. 1992ರ ಏಪ್ರಿಲ್ 22ರಂದು ಮೆಕ್ಸಿಕೊದ ಗ್ವಾಡಲಹಾರ ನಗರದಲ್ಲಿ ಆದದ್ದು ಇದೇ. ಕೊಳವೆಯೊಂದರಿಂದ ಸೋರಿದ ಪೆಟ್ರೋಲ್ ಒಳಚರಂಡಿ ಸೇರಿತ್ತು. ವಾಸನೆ ಬರುತ್ತಿದೆ ಎಂದು ಜನ ಕೆಲವು ದಿನಗಳಿಂದ ಹೇಳುತ್ತಲೇ ಇದ್ದರು. ಕೊನೆಗೆ ಕಿಲೋಮೀಟರ್‌ಗಟ್ಟಲೆ ರಸ್ತೆಗಳೇ ಸ್ಫೋಟಗೊಂಡು 200ಕ್ಕೂ ಹೆಚ್ಚು ಜನ ಸತ್ತರು.

ಟ್ಯಾಂಕರ್ ಉರುಳಿದರೆ ಕ್ಯಾನು ಹಿಡಿದು ಓಡುವವರೂ ಇದನ್ನು ನೆನಪಿಡಬೇಕು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲಪುರ ಬಳಿ ಉರುಳಿದ ಟ್ಯಾಂಕರಿನ ಇಂಧನ ತುಂಬಿಕೊಳ್ಳಲು ಸೇರಿದ್ದ ಜನರ ನಡುವೆ ಬೆಂಕಿ ಹೊತ್ತಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಹಾಗಾದರೆ ಚೆಲ್ಲಿದಾಗ ಮಾಡಬೇಕಾದ್ದೇನು?

ಕ್ರಮ ಮುಖ್ಯ. ಇದನ್ನು ಸ್ಕ್ರೀನ್‌ಶಾಟ್ ತೆಗೆದು ಗೋಡೆಗೆ ಅಂಟಿಸಿದರೂ ಸರಿ.

1. ಮೊದಲು ಜನ. ಏನು ಚೆಲ್ಲಿದೆ ಎಂದು ಡಬ್ಬಿಯ ಲೇಬಲ್ ನೋಡಿ. ಗೊತ್ತಿಲ್ಲದ ವಸ್ತು, ಘಾಟು, ಹೊಗೆ ಇದ್ದರೆ ಹತ್ತಿರ ಹೋಗಬೇಡಿ. ಗಾಳಿ ಬರುವ ದಿಕ್ಕಿನ ಕಡೆ ಸರಿದು ನಿಂತು ಉಳಿದವರನ್ನೂ ದೂರ ಕಳಿಸಿ, ತಿಳಿದವರನ್ನು ಕರೆಯಿರಿ. ಉರಿಯುವ ದ್ರವವಾದರೆ ಬೀಡಿ, ವೆಲ್ಡಿಂಗ್, ಗಾಡಿಯ ಎಂಜಿನ್ ಎಲ್ಲ ಬಂದ್. ಆವಿ ತುಂಬಿದ ಕೋಣೆಯಲ್ಲಿ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ.

2. ಮೂಲ ನಿಲ್ಲಿಸಿ. ಅಪಾಯವಿಲ್ಲದಿದ್ದರೆ ಉರುಳಿದ ಕ್ಯಾನನ್ನು ಎತ್ತಿ ನಿಲ್ಲಿಸಿ, ವಾಲ್ವ್ ಮುಚ್ಚಿ. ಡ್ರಮ್ ತೂತಾಗಿದ್ದರೆ ತೂತು ಮೇಲೆ ಬರುವಂತೆ ಹೊರಳಿಸಿ.

3. ಮೋರಿ ಮುಚ್ಚಿ. ಇದು ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಹೆಜ್ಜೆ. ಮರಳಿನ ಚೀಲ, ಒದ್ದೆ ಮಣ್ಣು, ತೂಕ ಇಟ್ಟ ರಬ್ಬರ್ ಮ್ಯಾಟು, ಕೈಗೆ ಸಿಕ್ಕಿದ್ದರಿಂದ ಚರಂಡಿಯ ಬಾಯಿಗೆ ಅಡ್ಡ ಕಟ್ಟಿ.

4. ಸುತ್ತ ಕಟ್ಟಿ, ಆಮೇಲೆ ಹೀರಿಸಿ. ಹೊರ ಅಂಚಿನಿಂದ ಒಳಕ್ಕೆ ಒಣ ಮರಳು ಹಾಕುತ್ತಾ ಬನ್ನಿ. ನಡುವಿಗೆ ಮೊದಲು ಸುರಿದರೆ ಅಂಚು ಇನ್ನಷ್ಟು ಹರಡುತ್ತದೆ.

5. ಎತ್ತಿ, ಮುಚ್ಚಳದ ಡಬ್ಬಿಗೆ ತುಂಬಿ. ಆಯಿಲ್ ಹೀರಿದ ಮರಳು ಇನ್ನು ಬರೀ ಮರಳಲ್ಲ, ಅದೂ ಅಪಾಯಕಾರಿ ತ್ಯಾಜ್ಯವೇ. ಏನೆಂದು ಬರೆದಿಡಿ. ಕಸದ ಗಾಡಿಗೆ ಹಾಕಬೇಡಿ, ಸುಡಬೇಡಿ.

6. ತಿಳಿಸಿ. ಕೈಮೀರುವಂತಿದ್ದರೆ 112ಕ್ಕೆ ಕರೆ ಮಾಡಿ. ಅಪಘಾತದಿಂದ ವಿಷಕಾರಿ ವಸ್ತು ಹೊಳೆ, ಬಾವಿ ಅಥವಾ ನೆಲಕ್ಕೆ ಸೇರಿದರೆ ಕೂಡಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕೆಂದು 1974ರ ಜಲ ಮಾಲಿನ್ಯ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನೀರೇ ಮೊದಲು. ಆಸಿಡ್ ಅಥವಾ ಬೇರೆ ರಾಸಾಯನಿಕ ಮೈಗೆ, ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ, ನಂತರ ಆಸ್ಪತ್ರೆಗೆ ಹೋಗಿ. ಸುಣ್ಣದ ಪುಡಿಯಂಥ ಒಣ ಪುಡಿಯಾದರೆ ಮೊದಲು ಅದನ್ನು ಕೊಡವಿ, ಆಮೇಲೆ ನೀರು ಹಾಕಿ. ಮನುಷ್ಯನನ್ನು ತೊಳೆಯಲು ನೀರು ಬೇಕೇ ಬೇಕು. ನಾವು ಬೇಡ ಎನ್ನುತ್ತಿರುವುದು ನೆಲಕ್ಕೆ ಹೊಡೆಯುವ ನೀರನ್ನು.

ಕೆಲವು ಸಲಹೆಗಳು, ಒಂದೊಂದಾಗಿ

"ಸೋಪಿನ ಪುಡಿ ಹಾಕಿದರೆ ಆಯಿಲ್ ಮಾಯ." ತಪ್ಪು. ಸೋಪು ಆಯಿಲನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸುತ್ತದೆ. ತೇಲುತ್ತಿದ್ದರೆ ಮೇಲಿಂದ ತೆಗೆಯಬಹುದಿತ್ತು. ಸೋಪು ಬೆರೆತ ಮೇಲೆ ಅದೂ ಆಗುವುದಿಲ್ಲ, ಆಯಿಲ್ ಬೇರ್ಪಡಿಸಲು ಇಟ್ಟ ತೊಟ್ಟಿಯನ್ನೂ ದಾಟಿ ಹೋಗುತ್ತದೆ.

"ಏನೇ ಚೆಲ್ಲಿದರೂ ಮರದ ಹೊಟ್ಟು ಹಾಕಿ." ಅರ್ಧ ಸರಿ. ಆಯಿಲ್, ಡೀಸೆಲ್‌ಗೆ ನಡೆಯುತ್ತದೆ. ನೈಟ್ರಿಕ್ ಆಸಿಡ್‌ನಂಥ ತೀಕ್ಷ್ಣ ವಸ್ತುಗಳಿಗೆ ಹೊಟ್ಟು ಹಾಕಿದರೆ ಅದೇ ಹೊತ್ತಿಕೊಳ್ಳಬಹುದು. ಅಲ್ಲಿ ಒಣ ಮರಳೇ ಸರಿ.

"ಆಸಿಡ್‌ಗೆ ಕಾಸ್ಟಿಕ್ ಸೋಡಾ ಸುರಿದರೆ ಶಮನ." ಅಪಾಯಕಾರಿ. ಎರಡು ತೀಕ್ಷ್ಣ ವಸ್ತುಗಳು ಸೇರಿದರೆ ವಿಪರೀತ ಬಿಸಿಯಾಗಿ ಸಿಡಿಯುತ್ತವೆ. ಸ್ವಲ್ಪವೇ ಚೆಲ್ಲಿದ್ದರೆ ಕೈಗವಸು, ಕನ್ನಡಕ ಹಾಕಿಕೊಂಡು ಅಂಚಿನಿಂದ ಅಡುಗೆ ಸೋಡಾವನ್ನು ನಿಧಾನವಾಗಿ ಉದುರಿಸಬಹುದು. ನೊರೆ ನಿಂತ ಮೇಲೆ ಎತ್ತಬೇಕು. ಗಾಢ ಸಲ್ಫ್ಯೂರಿಕ್ ಆಸಿಡ್ ಮೇಲೆ ಸ್ವಲ್ಪ ನೀರು ಬಿದ್ದರೂ ಕುದಿದು ಮುಖಕ್ಕೆ ಹಾರುತ್ತದೆ.

"ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ." ಎಂದಿಗೂ ಬೇಡ. ಇವೆರಡೂ ಸೇರಿದರೆ ಉಸಿರಾಟದ ನಾಳವನ್ನು ಸುಡುವ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮನೆಯ ಶೌಚಾಲಯಕ್ಕೂ ಇದೇ ಮಾತು.

"ಸಿಮೆಂಟ್ ನೀರು ತಾನೇ, ಏನಾಗುತ್ತದೆ?" ತುಂಬಾ ಆಗುತ್ತದೆ. ಸಿಮೆಂಟ್ ತೊಳೆದ ನೀರಿನ ಪಿಎಚ್ 12 ದಾಟುತ್ತದೆ. ಅದು ಚರ್ಮ ಸುಡುವಷ್ಟು ಕ್ಷಾರ, ಕೆರೆಗೆ ಹೋದರೆ ಮೀನು ಸಾಯುತ್ತದೆ. ಮಿಕ್ಸರ್, ಬಾಂಡಲಿ ತೊಳೆಯಲು ಸೈಟಿನ ಒಂದು ಮೂಲೆಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿ ಮಾಡಿ. ಕೆಳಗೆ ಗಟ್ಟಿಯಾದದ್ದನ್ನು ಆಮೇಲೆ ಎತ್ತಬಹುದು.

ಚೆಲ್ಲದಂತೆ ನೋಡಿಕೊಳ್ಳುವುದೇ ಅಗ್ಗ

ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಡ್ರಮ್‌ಗಳ ಸುತ್ತ ಒಂದು ಸಣ್ಣ ಕಟ್ಟೆ ಕಟ್ಟಿ, ಒಳಗೆ ಸಿಮೆಂಟ್ ಬಳಿದರೆ ಸೋರಿದ್ದು ಅಲ್ಲೇ ನಿಲ್ಲುತ್ತದೆ. ಹಲವು ದೇಶಗಳಲ್ಲಿ ಪಾಲಿಸುವ ಸರಳ ಲೆಕ್ಕ ಇದು: ಕಟ್ಟೆಯೊಳಗಿನ ಅತಿ ದೊಡ್ಡ ಡ್ರಮ್ ಪೂರ್ತಿ ಸೋರಿದರೂ ಹಿಡಿದು, ಮೇಲೆ ಇನ್ನೂ ಹತ್ತನೇ ಒಂದು ಭಾಗ ಜಾಗ ಉಳಿಯಬೇಕು. 200 ಲೀಟರಿನ ಬ್ಯಾರೆಲ್ ಇದ್ದರೆ 220 ಲೀಟರ್ ಹಿಡಿಯುವ ಕಟ್ಟೆ. ಜನರೇಟರ್ ಕೆಳಗೆ, ಆಯಿಲ್ ಬಗ್ಗಿಸುವ ಜಾಗದಲ್ಲಿ ಒಂದು ಅಗಲ ತಟ್ಟೆ ಇಡಿ. ಇಂಧನ, ರಾಸಾಯನಿಕವನ್ನು ಮೋರಿಯ ಪಕ್ಕ ಇಡಬೇಡಿ. ನೀರಿನ ಬಾಟಲಿಗೆ ಆಸಿಡ್, ಥಿನ್ನರ್ ತುಂಬಿಡುವುದನ್ನು ಇವತ್ತೇ ನಿಲ್ಲಿಸಿ. ಒಂದು ಬಕೆಟ್ ಒಣ ಮರಳು, ಸಲಿಕೆ, ಕೈಗವಸು, ಖಾಲಿ ಮುಚ್ಚಳದ ಡಬ್ಬಿ, ಇಷ್ಟು ಸದಾ ಒಂದೇ ಜಾಗದಲ್ಲಿರಲಿ.

ರಾಸಾಯನಿಕ ಕೊಳ್ಳುವಾಗ ಅದರ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರಲ್ಲಿ 16 ಭಾಗಗಳಿರುತ್ತವೆ. 4ನೆಯದು ಪ್ರಥಮ ಚಿಕಿತ್ಸೆ, 6ನೆಯದು ಚೆಲ್ಲಿದಾಗ ಮಾಡಬೇಕಾದ್ದು. ಅವೆರಡು ಪುಟಗಳನ್ನು ಕೆಲಸದವರಿಗೆ ಕನ್ನಡದಲ್ಲಿ ಓದಿ ಹೇಳಿ. ಹೆದ್ದಾರಿಯ ಟ್ಯಾಂಕರ್‌ಗಳ ಫಲಕದಲ್ಲೂ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 1203 ಎಂದರೆ ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ. ಅಪಘಾತ ಕಂಡರೆ ದೂರದಿಂದಲೇ ಆ ಸಂಖ್ಯೆ ಓದಿ 112ಕ್ಕೆ ಹೇಳಿದರೆ ಬರುವವರು ಸಿದ್ಧರಾಗಿ ಬರುತ್ತಾರೆ.

ಇನ್ನು ಹಳೆಯ ಆಯಿಲ್. ಅದನ್ನು ಸೆಂಟ್ರಿಂಗ್ ಶೀಟಿಗೆ ಬಳಿಯುವುದು, ಗೆದ್ದಲಿಗೆ ಸುರಿಯುವುದು, ಧೂಳು ಏಳದಂತೆ ನೆಲಕ್ಕೆ ಚಿಮುಕಿಸುವುದು ನಮ್ಮಲ್ಲಿ ಮಾಮೂಲು. ಇವೆಲ್ಲ ನಿಧಾನವಾಗಿ ಚೆಲ್ಲುವ ದಾರಿಗಳೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಅಲ್ಲಿ ಅದನ್ನು ಶುದ್ಧಗೊಳಿಸಿ ಮತ್ತೆ ಆಯಿಲ್ ಮಾಡುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಚೆಲ್ಲಿದ್ದನ್ನು ಶುಚಿ ಮಾಡುವ ಯಾವುದೇ ಟಿಪ್ಸ್ ಬಂದರೂ ಒಂದು ಪ್ರಶ್ನೆ ಕೇಳಿ: "ಇದನ್ನು ಮಾಡಿದ ಮೇಲೆ ಆ ವಸ್ತು ಎಲ್ಲಿ ಹೋಗುತ್ತದೆ?" ಡಬ್ಬಿಗೆ ಎಂದರೆ ಹಂಚಿಕೊಳ್ಳಿ. ಮೋರಿಗೆ ಎಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಪರಿಚಯದ ಗ್ಯಾರೇಜಿನವರಿಗೆ, ಮೇಸ್ತ್ರಿಗೆ, ಪೇಂಟರಿಗೆ ಈ ಆರು ಹೆಜ್ಜೆಗಳನ್ನು ಕಳಿಸಿ. ಜೊತೆಗೆ ಇವತ್ತು ಸಂಜೆ ನಿಮ್ಮ ಕೆಲಸದ ಜಾಗದಲ್ಲಿ ಒಂದು ಬಕೆಟ್ ಒಣ ಮರಳು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮೊದಲ ಕೆಲಸ ಅದೇ.